ಟ್ರ್ಯಾಕಿಗೆ ಮಾತ್ರ ಎಂದರೂ ಬಂದರು ದಾಟದ ಕಾರು

ಆರ್32 ಮಾದರಿಯ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದಿನ ತಗಡಿನ ಮೇಲೆ ‘ಬಿಎನ್‌ಆರ್‌32’ ಎಂದು ಶುರುವಾಗುವ ಛಾಸಿ ನಂಬರ್ ಕಾಣುತ್ತದೆ. ಜಪಾನಿನಿಂದ ಅಮೆರಿಕದ ಬಂದರಿಗೆ ಬಂದಿಳಿಯುವ ಇಂಥ ಕಾರಿನ ಹಣೆಬರಹ ಬರೆಯುವುದು ಈ ನಂಬರ್ ಮತ್ತು ಕಾರ್ಖಾನೆಯಿಂದ ಗಾಡಿ ಹೊರಬಿದ್ದ ತಿಂಗಳು. ‘ರಸ್ತೆಗೆ ಇಳಿಸುವುದೇ ಇಲ್ಲ, ರೇಸ್ ಟ್ರ್ಯಾಕಿನಲ್ಲಷ್ಟೇ ಓಡಿಸುತ್ತೇನೆ’ ಎಂಬ ಮಾತಿಗೆ ಅಲ್ಲಿ ಬೆಲೆ ಕಡಿಮೆ. ಗಾಡಿಯನ್ನು ಯಾವುದಕ್ಕೆಂದು ತಯಾರಿಸಿದ್ದರು ಎನ್ನುವುದು ಕಾನೂನಿನ ಮೊದಲ ಪ್ರಶ್ನೆ.

ಈ ಕಾರಿನ ಮೇಲೆ ಅಷ್ಟೊಂದು ಮೋಹ ಯಾಕೆ? 2.6 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, ನಾಲ್ಕೂ ಚಕ್ರಕ್ಕೆ ಶಕ್ತಿ. 1991 ಮತ್ತು 1992ರಲ್ಲಿ ಸತತವಾಗಿ ಆಸ್ಟ್ರೇಲಿಯಾದ ಬಾಥರ್ಸ್ಟ್ ರೇಸ್ ಗೆದ್ದ ಇದನ್ನು ಅಲ್ಲಿನವರು ‘ಗಾಡ್ಜಿಲ್ಲಾ’ ಎಂದೇ ಕರೆದರು. ಆದರೆ ಆ ಕಾಲದ ಸ್ಕೈಲೈನ್ ಜಿಟಿ-ಆರ್ ಅನ್ನು ನಿಸ್ಸಾನ್ ಅಮೆರಿಕದಲ್ಲಿ ಮಾರಲೇ ಇಲ್ಲ. ಹಾಗಾಗಿ ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ಹೊಂದುತ್ತದೆ ಎಂಬ ಪ್ರಮಾಣಪತ್ರವೂ ಅದಕ್ಕಿಲ್ಲ.

ನಿಯಮ ಬಿಗಿಯಾದದ್ದು 1988ರಲ್ಲಿ. ಡಾಲರ್ ಬಲವಾಗಿದ್ದ ಎಂಬತ್ತರ ದಶಕದ ನಡುವಿನಲ್ಲಿ ಜನ ಜರ್ಮನಿಯಿಂದ ಮರ್ಸಿಡಿಸ್, ಬಿಎಂಡಬ್ಲ್ಯುಗಳನ್ನು ನೇರವಾಗಿ ತರಿಸಿಕೊಳ್ಳತೊಡಗಿದರು. ಅಧಿಕೃತ ಡೀಲರ್‌ಗಳ ವ್ಯಾಪಾರಕ್ಕೆ ಏಟು ಬಿತ್ತು, ಮರ್ಸಿಡಿಸ್ ಕಂಪನಿಯೇ ಕಾನೂನಿಗಾಗಿ ಒತ್ತಡ ಹೇರಿತು. ಅಲ್ಲಿಂದ ಮುಂದೆ 25 ವರ್ಷ ತುಂಬದ ವಿದೇಶಿ ಕಾರು ಅಮೆರಿಕದ ಮಾನದಂಡಕ್ಕೆ ಹೊಂದಲೇಬೇಕು. ತುಂಬಿದರೆ ಸುರಕ್ಷತಾ ನಿಯಮದಿಂದ ವಿನಾಯಿತಿ. ಹೊಗೆಯ ವಿಷಯದಲ್ಲಿ, ಮೂಲ ರೂಪದಲ್ಲೇ ಉಳಿದಿರುವ ಕಾರಿಗೆ 21 ವರ್ಷ ಸಾಕು.

ಹೊಂದಿಸುವುದು ಎಂದರೆ ಏನೆಂದು ಹತ್ತಿರದಿಂದ ನೋಡಬೇಕು. ಮುಂದಿನ ಮಡ್‌ಗಾರ್ಡಿನ ಪಕ್ಕ ಹಳದಿ ದೀಪ, ಹಿಂದಿನ ಮಗ್ಗುಲಲ್ಲಿ ಕೆಂಪು ದೀಪ, ಗಂಟೆಗೆ ಎಷ್ಟು ಮೈಲಿ ಎಂದು ತೋರಿಸುವ ಸ್ಪೀಡೋಮೀಟರ್, ಗಾಜಿನ ಮೇಲೂ ಟೈರಿನ ಮೇಲೂ ಅಲ್ಲಿನ ಗುರುತು. ಇವೆಲ್ಲ ಗ್ಯಾರೇಜಿನಲ್ಲಿ ಆಗುವ ಕೆಲಸ. ಕಷ್ಟವಿರುವುದು ಡಿಕ್ಕಿ ಪರೀಕ್ಷೆಯಲ್ಲಿ: ಅಪಘಾತದಲ್ಲಿ ಒಳಗಿದ್ದವರು ಉಳಿಯುತ್ತಾರೆ ಎಂದು ಸಾಬೀತುಪಡಿಸಲು ಕಾರನ್ನೇ ಬಲಿ ಕೊಡಬೇಕು. ಕೆಲಸವನ್ನು ಸರ್ಕಾರದಲ್ಲಿ ನೋಂದಾಯಿತರಾದ ಆಮದುದಾರರೇ ಮಾಡಿಸಬೇಕು. ಕಾರಿನ ಬೆಲೆಯ ಒಂದೂವರೆ ಪಟ್ಟು ಬಾಂಡ್ ಇಡಬೇಕು, 120 ದಿನದೊಳಗೆ ಮುಗಿಸಬೇಕು.

ಕ್ಯಾಲಿಫೋರ್ನಿಯಾದ ಮೋಟೊರೆಕ್ಸ್ ಎಂಬ ಕಂಪನಿ ಈ ದಾರಿ ಹಿಡಿಯಿತು. ಸ್ಕೈಲೈನ್‌ನ ಆರ್33 ಮಾದರಿಯನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಅದರ ಆಧಾರದ ಮೇಲೆ ಹಿಂದಿನ ಆರ್32, ನಂತರದ ಆರ್34ಗಳಿಗೂ ಒಪ್ಪಿಗೆ ಸಿಕ್ಕಿತ್ತು. ಮುಂದೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಪುನಃ ಪರಿಶೀಲಿಸಿ, ಆ ಪುರಾವೆ 1996ರಿಂದ 1998ರ ನಡುವಿನ ಆರ್33ಗಳಿಗಷ್ಟೇ ಅನ್ವಯ ಎಂದು ಹೇಳಿತು. ಕಂಪನಿ ಮುಚ್ಚಿಹೋಯಿತು.

ಇನ್ನು ಟ್ರ್ಯಾಕಿನ ದಾರಿ. ಹುಟ್ಟಿನಿಂದಲೇ ರೇಸಿಗೆಂದು ಕಟ್ಟಿದ ಕಾರನ್ನು ಕಾನೂನು ರಸ್ತೆ ವಾಹನವೆಂದೇ ಲೆಕ್ಕಿಸುವುದಿಲ್ಲ. ರಸ್ತೆಗೆಂದು ತಯಾರಾಗಿ ಆಮೇಲೆ ಸೀಟು ಕಿತ್ತು ರೋಲ್ ಕೇಜ್ ಹಾಕಿಸಿಕೊಂಡ ಕಾರಿನ ಕಥೆ ಬೇರೆ. ಅದಕ್ಕೆ ಮುಂಗಡವಾಗಿ ಸುರಕ್ಷತಾ ಇಲಾಖೆಯ ಲಿಖಿತ ಅನುಮತಿ ಬೇಕು, ಜೊತೆಗೆ ಪರಿಸರ ಸಂಸ್ಥೆಯ ಒಪ್ಪಿಗೆ. ನಿಯಮದಲ್ಲಿರುವ ಮಾತು ‘ಸ್ಪರ್ಧಾತ್ಮಕ ರೇಸ್’. ಶನಿವಾರ ಸ್ನೇಹಿತರೊಂದಿಗೆ ನಾಲ್ಕು ಸುತ್ತು ಹೊಡೆಯುವ ಹವ್ಯಾಸಿಗೆ ಇದು ಬಹಳ ಇಕ್ಕಟ್ಟಿನ ಬಾಗಿಲು. ಅನುಮತಿ ಸಿಕ್ಕರೂ ಟ್ರ್ಯಾಕಿಗೆ ಗಾಡಿ ಹೋಗುವುದು ಟ್ರೇಲರ್ ಮೇಲೆ.

ಹಣವಂತರಿಗೂ ಈ ಬಾಗಿಲು ಸುಲಭವಾಗಿ ತೆರೆದಿರಲಿಲ್ಲ ಎನ್ನುವುದಕ್ಕೆ ಬಿಲ್ ಗೇಟ್ಸ್ ಸಾಕ್ಷಿ. ಅವರ ಪೋರ್ಷೆ 959 ಕಾರು ವರ್ಷಗಟ್ಟಲೆ ಕಸ್ಟಮ್ಸ್ ವಶದಲ್ಲಿತ್ತು. ಕೊನೆಗೆ ಅಪರೂಪದ ಕಾರುಗಳಿಗೆ ‘ಪ್ರದರ್ಶನ’ದ ವಿನಾಯಿತಿ ಬಂತು: ರಸ್ತೆಯಲ್ಲಿ ವರ್ಷಕ್ಕೆ 2,500 ಮೈಲಿ ಮೀರುವಂತಿಲ್ಲ. ಕೋಟ್ಯಧೀಶರ ಕಾರಿಗೆ ಸಿಕ್ಕ ಈ ಸಡಿಲಿಕೆಯಲ್ಲಿ ಒಂದಿಷ್ಟು ಸಾಮಾನ್ಯ ಟ್ರ್ಯಾಕ್ ಪ್ರಿಯರಿಗೂ ಸಿಗಬೇಕಿತ್ತು. ಬೇಲಿಯೊಳಗೆ, ಹೆಲ್ಮೆಟ್ ತೊಟ್ಟು ಓಡಿಸುವ ಕಾರಿನಿಂದ ರಸ್ತೆಯ ಪಾದಚಾರಿಗೆ ಯಾವ ಅಪಾಯ?

ಭಾರತದ ನಿಯಮ ಅಮೆರಿಕದ 25 ವರ್ಷದ ನಿಯಮಕ್ಕೆ ತದ್ವಿರುದ್ಧ. ಬಳಸಿದ ಕಾರನ್ನು ಆಮದು ಮಾಡಿಕೊಳ್ಳಬೇಕಾದರೆ ಅದು ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಸ್ಟೀರಿಂಗ್ ಬಲಕ್ಕಿದ್ದರೂ ತೊಂಬತ್ತರ ದಶಕದ ಸ್ಕೈಲೈನ್ ಬೆಂಗಳೂರಿಗೆ ಆ ದಾರಿಯಲ್ಲಿ ಬರಲಾರದು. ಸಿಯಾಟಲ್‌ನಲ್ಲಿರುವ ಕನ್ನಡಿಗ ಎಂಜಿನಿಯರ್ ತರಿಸಿಕೊಳ್ಳಬಹುದು.

1999ರಲ್ಲಿ ಬಂದ ಆರ್34 ಜಿಟಿ-ಆರ್‌ನ ಮೊದಲ ಕಾರುಗಳಿಗೆ 2024ರ ಜನವರಿಯಿಂದ 25 ವರ್ಷ ತುಂಬತೊಡಗಿತು. ವಯಸ್ಸಿನ ಲೆಕ್ಕ ಮಾದರಿಯ ವರ್ಷದ್ದಲ್ಲ, ತಯಾರಾದ ತಿಂಗಳಿನದು. ಜಪಾನಿನ ದಾಖಲೆಯಲ್ಲಿ ಸಾಮಾನ್ಯವಾಗಿ ಇರುವುದು ಮೊದಲ ನೋಂದಣಿಯ ದಿನಾಂಕ, ಅದೊಂದನ್ನೇ ನಂಬಬೇಡಿ. ಕ್ಯಾಲಿಫೋರ್ನಿಯಾದವರಿಗೆ ರಾಜ್ಯದ ಹೊಗೆ ನಿಯಮ ಪ್ರತ್ಯೇಕ. ಟ್ರ್ಯಾಕಿಗೆಂದೇ ತರಿಸುವವರು ಅನುಮತಿ ಪತ್ರ ಕೈಗೆ ಬರುವ ತನಕ ಮುಂಗಡ ಹಣ ಕಟ್ಟಬೇಡಿ.