ಎರಡು ಬಾನುಲಿಗಳ ನಡುವೆ ಕೇಳುಗ

ಮಾರುಕಟ್ಟೆಯಲ್ಲಿ ಒಬ್ಬ ವರ್ತಕನ ಬದಲು ಇಬ್ಬರಿದ್ದರೆ ಗ್ರಾಹಕನಿಗೆ ಲಾಭ ಎಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಒಬ್ಬನನ್ನು ಆರಿಸಿಕೊಂಡ ಕೂಡಲೇ ಇನ್ನೊಬ್ಬನ ಅಂಗಡಿಗೆ ಹೋಗುವ ದಾರಿ ಮುಚ್ಚಿಹೋಗುವಂತಿದ್ದರೆ ಆ ಪೈಪೋಟಿಗೆ ಏನರ್ಥ? ಅಮೆರಿಕದ ಉಪಗ್ರಹ ರೇಡಿಯೊದ ಚರಿತ್ರೆ ನನ್ನಲ್ಲಿ ಎಬ್ಬಿಸುವ ಪ್ರಶ್ನೆ ಇದು.

ಅಲ್ಲಿನ ಫೆಡರಲ್ ಸಂವಹನ ಆಯೋಗವು 1997ರಲ್ಲಿ ಉಪಗ್ರಹ ರೇಡಿಯೊ ತರಂಗಾಂತರವನ್ನು ಹರಾಜಿಗಿಟ್ಟಾಗ ಎರಡು ಸಂಸ್ಥೆಗಳು ತಲಾ ಎಂಟು ಕೋಟಿ ಡಾಲರ್‌ಗೂ ಹೆಚ್ಚು ತೆತ್ತು ಪರವಾನಗಿ ಪಡೆದವು. ಮುಂದೆ ಎಕ್ಸ್‌ಎಂ ಮತ್ತು ಸಿರಿಯಸ್ ಎಂದು ಹೆಸರಾದ ಈ ಸಂಸ್ಥೆಗಳು ಕ್ರಮವಾಗಿ 2001 ಮತ್ತು 2002ರಲ್ಲಿ ಪ್ರಸಾರ ಆರಂಭಿಸಿದವು. ನಗರದ ಗಡಿ ದಾಟಿದರೆ ಎಫ್‌ಎಂ ದನಿ ಕ್ಷೀಣಿಸುತ್ತದೆ. ಉಪಗ್ರಹದ ದನಿ ಮಾತ್ರ ಸಾವಿರಾರು ಮೈಲಿಗಳುದ್ದಕ್ಕೂ ಜೊತೆಗಿರುತ್ತದೆ. ದೂರದ ಹೆದ್ದಾರಿಗಳಲ್ಲಿ ದಿನಗಟ್ಟಲೆ ವಾಹನ ಚಲಾಯಿಸುವವರಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇಕಿರಲಿಲ್ಲ.

ಆರಂಭದಲ್ಲಿ ಇವೆರಡರ ನಡುವೆ ಆರಿಸಿಕೊಳ್ಳಲು ಕಾರಣಗಳೂ ಇದ್ದವು. ಎಕ್ಸ್‌ಎಂನ ಮಾಸಿಕ ಚಂದಾ 9.95 ಡಾಲರ್, ಸಿರಿಯಸ್‌ನದು 12.95 ಡಾಲರ್. ಎಕ್ಸ್‌ಎಂನ ಎರಡು ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸ್ಥಿರವಾಗಿದ್ದವು. ಸಿರಿಯಸ್‌ನ ಮೂರು ಉಪಗ್ರಹಗಳು ಅಂಡಾಕಾರದ ಕಕ್ಷೆಯಲ್ಲಿ ಸುತ್ತುತ್ತ ಸರದಿಯಂತೆ ಉತ್ತರ ಅಮೆರಿಕದ ನೆತ್ತಿಯ ಸಮೀಪಕ್ಕೆ ಬರುತ್ತಿದ್ದವು. ಉಪಗ್ರಹ ಆಗಸದಲ್ಲಿ ಎತ್ತರದಲ್ಲಿದ್ದಷ್ಟೂ ಮರ, ಕಟ್ಟಡಗಳ ಅಡ್ಡಿ ಕಡಿಮೆ. ತಗ್ಗಿನಲ್ಲಿದ್ದರೆ ನಗರಗಳಲ್ಲಿ ನೆಲದ ಮೇಲಿನ ಮರುಪ್ರಸಾರ ಗೋಪುರಗಳ ನೆರವು ಹೆಚ್ಚು ಬೇಕು.

ಕೇಳುಗನೊಬ್ಬ ಬೆಲೆ, ದನಿ, ಕಾರ್ಯಕ್ರಮಗಳನ್ನು ತೂಗಿ ನೋಡಿ ತೀರ್ಮಾನಿಸುತ್ತಾನೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅನೇಕರ ಪರವಾಗಿ ತೀರ್ಮಾನಿಸಿದ್ದು ಅವರು ಕೊಂಡ ಕಾರು. ಜನರಲ್ ಮೋಟಾರ್ಸ್ ಮತ್ತು ಹೋಂಡಾ ಎಕ್ಸ್‌ಎಂ ಜೊತೆ, ಫೋರ್ಡ್ ಮತ್ತು ಕ್ರೈಸ್ಲರ್ ಸಿರಿಯಸ್ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ಒಂದರ ರಿಸೀವರ್ ಇನ್ನೊಂದರ ಪ್ರಸಾರವನ್ನು ಗ್ರಹಿಸುತ್ತಿರಲಿಲ್ಲ. ಸೇವೆ ಬದಲಿಸಬೇಕೆಂದರೆ ಹೊಸ ಯಂತ್ರವನ್ನೇ ಕೊಳ್ಳಬೇಕಿತ್ತು.

ಇಂಥ ಪರಿಸ್ಥಿತಿ ಬಾರದಿರಲೆಂದೇ ಆಯೋಗವು 1997ರ ನಿಯಮಗಳಲ್ಲಿ ಷರತ್ತೊಂದನ್ನು ಸೇರಿಸಿತ್ತು. ಎರಡೂ ಸೇವೆಗಳನ್ನು ಗ್ರಹಿಸಬಲ್ಲ ರಿಸೀವರ್‌ನ ವಿನ್ಯಾಸವನ್ನು ಪರವಾನಗಿ ಪಡೆದವರು ರೂಪಿಸಬೇಕೆಂಬುದು ಅದರ ಆಶಯ. ವಿನ್ಯಾಸದ ಮಾತುಕತೆಗಳೇನೋ ನಡೆದವು. ಆದರೆ ಪೈಪೋಟಿಯ ಅಷ್ಟೂ ವರ್ಷಗಳಲ್ಲಿ ಅಂಥ ಯಂತ್ರ ಅಂಗಡಿಗೆ ಬರಲಿಲ್ಲ.

ಗ್ರಾಹಕ ಕದಲಲಾರ ಎಂದಾದಾಗ ಸ್ಪರ್ಧೆ ಬೇರೆ ದಾರಿ ಹಿಡಿಯಿತು. ಒಬ್ಬರಲ್ಲಿ ಇರುವುದು ಇನ್ನೊಬ್ಬರಲ್ಲಿ ಇರಬಾರದು ಎಂಬುದೇ ಗುರಿಯಾಯಿತು. ಅಮೆರಿಕನ್ ಫುಟ್‌ಬಾಲ್ ಪ್ರಸಾರಕ್ಕೆ ಸಿರಿಯಸ್ ಏಳು ವರ್ಷಗಳಿಗೆ 22 ಕೋಟಿ ಡಾಲರ್ ಒಪ್ಪಿಕೊಂಡಿತು. ಬೇಸ್‌ಬಾಲ್‌ಗಾಗಿ ಎಕ್ಸ್‌ಎಂ 65 ಕೋಟಿ ಡಾಲರ್‌ವರೆಗಿನ ಒಪ್ಪಂದಕ್ಕೆ ಸಹಿ ಹಾಕಿತು. ರೇಡಿಯೊ ನಿರೂಪಕ ಹೊವಾರ್ಡ್ ಸ್ಟರ್ನ್ ಅವರನ್ನು ಸೆಳೆಯಲು 2004ರಲ್ಲಿ ಸಿರಿಯಸ್ ಮಾಡಿಕೊಂಡ ಐದು ವರ್ಷಗಳ ಒಪ್ಪಂದದ ಮೌಲ್ಯ 50 ಕೋಟಿ ಡಾಲರ್. ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಎರಡನ್ನೂ ಪ್ರೀತಿಸುವ ಕೇಳುಗ ಎರಡು ಯಂತ್ರ ಇಟ್ಟುಕೊಂಡು ಎರಡು ಚಂದಾ ಕಟ್ಟಬೇಕಿತ್ತು. 2005ರಲ್ಲಿ ಎಕ್ಸ್‌ಎಂ ಕೂಡ ತನ್ನ ದರವನ್ನು 12.95 ಡಾಲರ್‌ಗೆ ಏರಿಸಿದಾಗ ಬೆಲೆಯ ವ್ಯತ್ಯಾಸವೂ ಅಳಿಯಿತು.

ವರ್ಷದ ಲೆಕ್ಕದಲ್ಲಿ ಒಮ್ಮೆಯೂ ಲಾಭ ಕಾಣದ ಈ ಸಂಸ್ಥೆಗಳು 2007ರ ಫೆಬ್ರುವರಿಯಲ್ಲಿ ವಿಲೀನವನ್ನು ಘೋಷಿಸಿದವು. ಒಂದು ಸಂಸ್ಥೆ ಇನ್ನೊಂದನ್ನು ಕೊಳ್ಳಬಾರದೆಂಬ ನಿಯಮ ಮೊದಲಿನಿಂದಲೂ ಇತ್ತು. ಆದರೆ ಎಫ್‌ಎಂ, ಐಪಾಡ್, ಅಂತರಜಾಲಗಳೆಲ್ಲ ತಮಗೆ ಪ್ರತಿಸ್ಪರ್ಧಿಗಳೇ ಎಂದು ಸಂಸ್ಥೆಗಳು ವಾದಿಸಿದವು. 2008ರ ಜುಲೈನಲ್ಲಿ ಆಯೋಗ ಮೂರು–ಎರಡು ಮತಗಳಿಂದ ಒಪ್ಪಿಗೆ ನೀಡಿತು. ಆಯ್ಕೆಯ ಪ್ರಶ್ನೆಯೇ ಅಲ್ಲಿಗೆ ಮುಗಿಯಿತು. ಉಳಿದ ಏಕೈಕ ಸಂಸ್ಥೆಯಾದ ಸಿರಿಯಸ್‌ಎಕ್ಸ್‌ಎಂನ ಚಂದಾ ರದ್ದತಿಯ ಕ್ರಮ ಕಾನೂನಿಗೆ ವಿರುದ್ಧವಾಗಿದೆ ಎಂದು 2024ರಲ್ಲಿ ನ್ಯೂಯಾರ್ಕ್ ನ್ಯಾಯಾಲಯವೊಂದು ತೀರ್ಪು ನೀಡಿದ್ದು ಈ ಕಥೆಯ ಮುಂದುವರಿಕೆಯೇ ಸರಿ. ಬೇರೆ ಕಡೆ ಹೋಗುವ ದಾರಿ ಮುಚ್ಚಿದ್ದವರಿಗೆ ಹೊರಬರುವ ದಾರಿಯೂ ಸುಗಮವಾಗಿರಲಿಲ್ಲ.

ಇದು ದೂರದ ದೇಶದ ಸಂಗತಿ ಎಂದು ತಳ್ಳಿಹಾಕುವಂತಿಲ್ಲ. ಎಕ್ಸ್‌ಎಂನ ಆರಂಭದ ಹೂಡಿಕೆದಾರರಲ್ಲಿ ಒಂದಾಗಿದ್ದ ವರ್ಲ್ಡ್‌ಸ್ಪೇಸ್ ಭಾರತದಲ್ಲಿ ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡು ಸೇವೆ ನೀಡಿತ್ತು. ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದುಸ್ತಾನಿಗೆ ‘ಗಂಧರ್ವ’, ಕನ್ನಡಕ್ಕೆ ‘ಸ್ಪರ್ಶ’ ಎಂಬ ವಾಹಿನಿಗಳಿದ್ದವು. ಖಾಸಗಿ ಎಫ್‌ಎಂಗಳು ಚಿತ್ರಗೀತೆಯಲ್ಲಿ ಮುಳುಗಿದ್ದ ಕಾಲದಲ್ಲಿ ಶಾಸ್ತ್ರೀಯ ಸಂಗೀತದ ರಸಿಕರಿಗೆ ಅದೊಂದು ವರವೇ ಆಗಿತ್ತು. ಮಾತೃಸಂಸ್ಥೆ 2008ರಲ್ಲಿ ದಿವಾಳಿ ರಕ್ಷಣೆ ಕೋರಿತು. 2009ರ ಡಿಸೆಂಬರ್ 31ರಂದು ಇಲ್ಲಿನ ಸೇವೆ ನಿಂತಿತು. ಆ ಪ್ರಸಾರವನ್ನಷ್ಟೇ ಬಲ್ಲ ರಿಸೀವರ್‌ಗಳಿಗೆ ಗ್ರಹಿಸಲು ಬೇರೊಂದು ಸೇವೆ ಇರಲಿಲ್ಲ.

ಇಂದಿಗೂ ನಮ್ಮ ಮನೆಗಳ ಡಿಟಿಎಚ್ ಪೆಟ್ಟಿಗೆಯ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಸೆಟ್‌ಟಾಪ್ ಬಾಕ್ಸ್‌ಗಳು ಪರಸ್ಪರ ಹೊಂದುವಂತಿರಬೇಕೆಂದು 2001ರ ಪರವಾನಗಿ ಮಾರ್ಗಸೂಚಿಯೇ ಹೇಳಿತ್ತು. ಅದನ್ನು ಕಾರ್ಯರೂಪಕ್ಕೆ ತರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಮತ್ತೆ ಶಿಫಾರಸು ಮಾಡಬೇಕಾಯಿತು. ಇದಕ್ಕೆ ವ್ಯತಿರಿಕ್ತವಾಗಿ, 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ನಮಗೆ ದೊರೆಯಿತು. ನಿಯಮಕ್ಕೆ ಗಡುವು ಮತ್ತು ಒತ್ತಾಯ ಎರಡೂ ಇದ್ದುದರಿಂದ ಅದು ಸಾಧ್ಯವಾಯಿತು.

ಆದ್ದರಿಂದ ಎರಡು ಸೇವೆಗಳಲ್ಲಿ ಯಾವುದು ಉತ್ತಮ ಎಂದು ಕೇಳುವುದಕ್ಕೆ ಮುನ್ನ, ನಾಳೆ ಅದನ್ನು ಬಿಟ್ಟರೆ ಕೈಯಲ್ಲಿರುವ ಯಂತ್ರ ಉಪಯೋಗಕ್ಕೆ ಬರುವುದೇ ಎಂದು ಕೇಳಬೇಕು. ಗ್ರಾಹಕ ತಾನೊಬ್ಬನೇ ಈ ಪ್ರಶ್ನೆಗೆ ಉತ್ತರ ಪಡೆಯಲಾರ. ಪರವಾನಗಿ ಕೊಡುವ ಸರ್ಕಾರವೇ ಅದನ್ನು ಕೇಳಬೇಕು. ಸೇವೆ ಆರಂಭವಾಗುವ ಮುನ್ನವೇ ಕೇಳಬೇಕು. ಗ್ರಾಹಕರು ಸಿಕ್ಕಿಬಿದ್ದ ನಂತರ ಎಷ್ಟು ಶಿಫಾರಸುಗಳನ್ನು ಮಾಡಿದರೂ ಪ್ರಯೋಜನ ಅಲ್ಪ.