ಕೋಡ್ ಬರೆಯುವವರಿಗೆ ತಕ್ಕ ಅಕ್ಷರ ಯಾವುದು?

ಹಗಲೆಲ್ಲ ಹೋಟೆಲಿನ ಗಲ್ಲಾದಲ್ಲಿಯೋ ಕಛೇರಿಯ ಮೇಜಿನಲ್ಲಿಯೋ ದುಡಿದು, ರಾತ್ರಿ ಕಂಪ್ಯೂಟರ್ ತರಗತಿಗೆ ಹೋಗುವ ನಮ್ಮ ತರುಣರಿಗೆ ಒಂದು ವಿಷಯವನ್ನು ಅರಿಕೆ ಮಾಡಬಯಸುತ್ತೇವೆ. ಕೋಡ್ ಬರೆಯುವಾಗ ಪರದೆಯ ಮೇಲೆ ಯಾವ ಫಾಂಟನ್ನು ಇಟ್ಟುಕೊಳ್ಳಬೇಕೆಂಬುದೇ ಆ ವಿಷಯ. ನೋಡುವುದಕ್ಕೆ ಅಲ್ಪವಾದರೂ ದಣಿದ ಕಣ್ಣುಗಳಿಗೆ ಇದು ಅಲ್ಪವಲ್ಲ.

ಇಂಗ್ಲಿಷ್ ಪುಸ್ತಕಗಳ ಅಚ್ಚಿನಲ್ಲಿ 'ಐ' ಅಕ್ಷರಕ್ಕೆ ಕಡಿಮೆ ಸ್ಥಳ, 'ಡಬ್ಲ್ಯೂ'ಗೆ ಹೆಚ್ಚು. ಟೈಪ್‌ರೈಟರಿನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಯಾವ ಕೀಲಿಯನ್ನೊತ್ತಿದರೂ ಕಾಗದವು ಸಮನಾದ ದೂರವನ್ನೇ ಸರಿಯುವುದು. 1950ರ ದಶಕದಲ್ಲಿ ಹೊವಾರ್ಡ್ ಕೆಟ್ಲರ್ ಎಂಬವರು ಐ.ಬಿ.ಎಂ. ಟೈಪ್‌ರೈಟರಿಗಾಗಿ ರಚಿಸಿದ 'ಕೊರಿಯರ್' ಈ ಜಾತಿಯದು. ಇಂತಹುದಕ್ಕೆ ಮೊನೊಸ್ಪೇಸ್ ಫಾಂಟ್ ಎಂದು ಹೆಸರು. ಪ್ರತಿಯೊಂದು ಅಕ್ಷರಕ್ಕೂ ಸಮಾನವಾದ ಮನೆಯಿದ್ದರೆ, ಜಮಾಖರ್ಚಿನ ಪುಸ್ತಕದಲ್ಲಿ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ನಿಂತಂತೆ ಸಾಲುಗಳು ನೇರವಾಗಿ ನಿಲ್ಲುವುವು. ಪೈಥಾನ್ ಭಾಷೆಯಲ್ಲಂತೂ ಸಾಲಿನ ಆರಂಭದಲ್ಲಿ ಬಿಟ್ಟ ಜಾಗವೇ ಅರ್ಥವನ್ನು ನಿರ್ಣಯಿಸುವುದು. ಅದು ತಪ್ಪಿದರೆ ಪ್ರೋಗ್ರಾಂ ನಿಂತೇ ಹೋಗಬಹುದು.

ಆದರೆ ಸಮಾನವಾದ ಅಗಲವೊಂದೇ ಸಾಲದು. ಸೊನ್ನೆಗೂ ದೊಡ್ಡ 'ಓ'ಗೂ, ಹಾಗೆಯೇ ಅಂಕಿ ಒಂದು, ಸಣ್ಣ 'ಎಲ್', ದೊಡ್ಡ 'ಐ' ಇವುಗಳೊಳಗೂ ಭೇದವು ಒಂದೇ ನೋಟಕ್ಕೆ ಕಾಣಬೇಕು. ಕನ್ನಡದ ಸೊನ್ನೆಯನ್ನೂ ಅನುಸ್ವಾರವನ್ನೂ ನಾವು ಸಂದರ್ಭದಿಂದ ಗುರುತಿಸಿಕೊಳ್ಳುತ್ತೇವೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಮುಂಜಾನೆ ಹೋಟೆಲಿನ ಬಾಗಿಲು ತೆರೆಯಬೇಕಾದವನು ಒಂದು ಸೊನ್ನೆಯನ್ನು ಹುಡುಕುತ್ತ ರಾತ್ರಿಯ ನಿದ್ರೆಯನ್ನು ಕಳೆದುಕೊಳ್ಳುವುದು ನ್ಯಾಯವೇ?

ಉತ್ತಮ ಫಾಂಟುಗಳಲ್ಲಿ ಸೊನ್ನೆಯೊಳಗೆ ಚುಕ್ಕೆಯೋ ಓರೆಗೆರೆಯೋ ಇರುವುದು. ವಿಂಡೋಸ್ ಕಂಪ್ಯೂಟರುಗಳೊಡನೆ ಬರುವ 'ಕನ್ಸೋಲಾಸ್'ನಲ್ಲಿ ಓರೆಗೆರೆಯಿದೆ. ಅಡೋಬಿ ಸಂಸ್ಥೆಯು 2012ರಲ್ಲಿ ಹೊರತಂದ 'ಸೋರ್ಸ್ ಕೋಡ್ ಪ್ರೊ'ದಲ್ಲಿ ಚುಕ್ಕೆಯಿದೆ. ಇದೂ, 2020ರಲ್ಲಿ ಬಂದ 'ಜೆಟ್‌ಬ್ರೇನ್ಸ್ ಮೋನೋ'ವೂ ಉಚಿತವಾಗಿಯೇ ದೊರೆಯುವುವು, ಕಾಸು ಖರ್ಚಿಲ್ಲ. 'ಫೈರಾ ಕೋಡ್' ಎರಡು ಮೂರು ಚಿಹ್ನೆಗಳನ್ನು ಕೂಡಿಸಿ ಒಂದೇ ಆಕಾರವಾಗಿ ತೋರಿಸಬಲ್ಲುದು. ಹೊಸದಾಗಿ ಕಲಿಯುವವರು ಆ ಸೌಲಭ್ಯವನ್ನು ಮುಚ್ಚಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಕೋಡಿನ ನಡುವೆ ಕನ್ನಡದಲ್ಲಿ ಟಿಪ್ಪಣಿ ಬರೆದರೆ ಸಾಲು ಓರೆಯಾಗಬಹುದು. ನಮ್ಮ ಒತ್ತಕ್ಷರಗಳು ಸಮನಾದ ಮನೆಯಲ್ಲಿ ಸುಲಭವಾಗಿ ಅಡಗತಕ್ಕವಲ್ಲ. ಅದಕ್ಕಾಗಿ ಕನ್ನಡವನ್ನು ಬಿಡಬೇಕಾದುದಿಲ್ಲ.

ಆಯ್ಕೆಗೆ ಮೊದಲು ಮೇಲೆ ಹೇಳಿದ ಐದು ಚಿಹ್ನೆಗಳನ್ನು ಒಂದೇ ಸಾಲಿನಲ್ಲಿ ಬರೆದು, ದಿನವೂ ಕುಳಿತುಕೊಳ್ಳುವಷ್ಟೇ ದೂರದಿಂದ ನೋಡತಕ್ಕದ್ದು. ಐದೂ ಬೇರೆಬೇರೆಯಾಗಿ ಕಂಡರೆ ಆ ಫಾಂಟು ನಿಮ್ಮದು. ಕಾಣದಿದ್ದರೆ ಅದೆಷ್ಟೇ ಸುಂದರವಾಗಿದ್ದರೂ ಬಿಟ್ಟುಬಿಡಿ.