ಪೊಲೀಸರಿಲ್ಲದ ‘ಪೊಲೀಸ್ ಆಕ್ಷನ್’

ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿದ ಬಗೆಯನ್ನು ಬೀದರ್, ಕಲಬುರಗಿ, ರಾಯಚೂರು ಸೀಮೆಯ ಹಿರಿಯರು ಇವತ್ತಿಗೂ ‘ಪೊಲೀಸ್ ಆಕ್ಷನ್’ ಎಂದೇ ಕರೆಯುತ್ತಾರೆ. ಬರವಣಿಗೆಯಲ್ಲಿ ಅದು ‘ಪೊಲೀಸ್ ಕಾರ್ಯಾಚರಣೆ’ ಆಗಿದೆ. ಈ ಹೆಸರು ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಸರಳವಾದದ್ದು: ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ ಮಿತಿಮೀರಿತು, ಪೊಲೀಸರು ನುಗ್ಗಿ ಹಿಡಿದುಹಾಕಿದರು, ನಿಜಾಮ ಶರಣಾದ. ಈ ಚಿತ್ರದ ಬೆನ್ನಿಗೆ ಇನ್ನೊಂದು ನಂಬಿಕೆಯೂ ಇದೆ. ಇಂಗ್ಲಿಷಿನಲ್ಲಿ ಜಗಳಕ್ಕಿರುವ ಪದಗಳೆಲ್ಲ ಗಾತ್ರದ ಲೆಕ್ಕದಲ್ಲಿ ಸಾಲಾಗಿ ನಿಂತಿವೆ. ಡಿಸಗ್ರಿಮೆಂಟ್ ಸಣ್ಣದು, ಡಿಸ್ಪ್ಯೂಟ್ ಅದಕ್ಕಿಂತ ದೊಡ್ಡದು, ಕಾನ್‌ಫ್ಲಿಕ್ಟ್ ಇನ್ನೂ ದೊಡ್ಡದು, ವಾರ್ ಎಲ್ಲಕ್ಕೂ ದೊಡ್ಡದು ಎಂದು ನಾವು ತಿಳಿದಿದ್ದೇವೆ. ದಿನಬಳಕೆಯ ಮಾತಿಗೆ ಈ ತಿಳಿವಳಿಕೆ ಸಾಕು. ಸರ್ಕಾರಗಳ ಬಾಯಲ್ಲಿ ಮಾತ್ರ ಈ ಪದಗಳ ಕೆಲಸವೇ ಬೇರೆ. ಯಾರಿಗೆ ಯಾವ ಹಕ್ಕಿದೆ, ಯಾವ ಕಾನೂನು ಅನ್ವಯಿಸುತ್ತದೆ, ಯಾರು ಪ್ರಶ್ನೆ ಕೇಳಬಹುದು ಎಂಬುದನ್ನು ಅವು ತೀರ್ಮಾನಿಸುತ್ತವೆ. ಹೈದರಾಬಾದಿಗಿಂತ ಸ್ಪಷ್ಟವಾದ ಸಾಕ್ಷಿ ಇದಕ್ಕೆ ಬೇಕಿಲ್ಲ.

ಮೊದಲು ನಡೆದದ್ದೇನೆಂದು ನೋಡೋಣ. 1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ರಸ್ತೆ ಹಿಡಿದದ್ದು ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಟ್ಯಾಂಕ್ ಪಡೆ. ಮೊದಲ ದಿನವೇ ನಳದುರ್ಗ ಅವರ ಕೈವಶವಾಯಿತು. ಪೂರ್ವದಲ್ಲಿ ವಿಜಯವಾಡದ ಕಡೆಯಿಂದ ಮೇಜರ್ ಜನರಲ್ ಎ. ಎ. ರುದ್ರ ಅವರ ಪಡೆ ಹೊರಟಿತು. ಮೇಲಿಂದ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿದವು. ಇದೆಲ್ಲದರ ಹೊಣೆ ಹೊತ್ತವರು ದಕ್ಷಿಣ ಕಮಾಂಡಿನ ಲೆಫ್ಟಿನೆಂಟ್ ಜನರಲ್ ರಾಜೇಂದ್ರಸಿಂಹಜಿ. ಸೇನೆ ತನ್ನ ಕಡತದಲ್ಲಿ ಇದಕ್ಕಿಟ್ಟ ಹೆಸರು ‘ಆಪರೇಷನ್ ಪೋಲೋ’. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನವಿರಾಮ ಸಾರಿದರು. ಮರುದಿನ ಅವರ ಸೇನಾಧಿಪತಿ ಎಲ್ ಎಡ್ರೂಸ್ ಚೌಧುರಿಯವರಿಗೆ ಶರಣಾದರು. ಎರಡು ಕಡೆಯೂ ಸೇನೆ, ಸೇನಾಧಿಪತಿಯಿಂದ ಸೇನಾಧಿಪತಿಗೆ ಶರಣಾಗತಿ. ಇಷ್ಟಾದಮೇಲೆ ಇದನ್ನು ಪೊಲೀಸರ ಕೆಲಸವೆಂದು ನಂಬಲು ಆಧಾರವೇ ಉಳಿಯುವುದಿಲ್ಲ.

ಈ ಹೆಸರು ಹೈದರಾಬಾದಿಗಾಗಿಯೇ ಹುಟ್ಟಿತು ಎಂಬ ಮಾತೂ ಇದೆ. ಅದೂ ಸರಿಯಲ್ಲ. 1947ರ ಜುಲೈನಲ್ಲಿ ಡಚ್ಚರು ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟದ ಮೇಲೆ ಸೇನೆ ಬಿಟ್ಟಾಗ ತಮ್ಮ ಭಾಷೆಯಲ್ಲಿ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದೇ ಕರೆದಿದ್ದರು. ಅದು ತಮ್ಮ ಮನೆಯೊಳಗಿನ ವಿಷಯ, ಹೊರಗಿನವರು ಕೇಳುವಂತಿಲ್ಲ ಎಂಬುದು ಅವರ ವಾದ. ಆಗ ಆಸ್ಟ್ರೇಲಿಯಾದ ಜೊತೆ ಆ ವಿಷಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದ ದೇಶ ಭಾರತ. ಮುಂದೆ 1950ರಲ್ಲಿ ಕೊರಿಯಾದಲ್ಲಿ ಮೂರು ವರ್ಷ ನಡೆಯಲಿದ್ದ ಘೋರ ಯುದ್ಧ ಶುರುವಾದಾಗ ಅಮೆರಿಕದ ಅಧ್ಯಕ್ಷ ಟ್ರೂಮನ್ ಅದನ್ನೂ ಪೊಲೀಸ್ ಆಕ್ಷನ್ ಎನ್ನಲು ಒಪ್ಪಿದರು. ಇಂಡೋನೇಷ್ಯಾ, ಹೈದರಾಬಾದ್, ಕೊರಿಯಾ: ಮೂರರ ಗಾತ್ರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ನ್ಯಾಯಕ್ಕೂ ಸಂಬಂಧವಿಲ್ಲ. ಸಮಾನವಾದದ್ದು ‘ಯುದ್ಧ’ ಎಂಬ ಪದವನ್ನು ಬಳಸಲಾಗದ ಅನಿವಾರ್ಯ.

ಆ ಅನಿವಾರ್ಯ ಹೈದರಾಬಾದಿನ ವಿಷಯದಲ್ಲಿ ಏನಾಗಿತ್ತು? 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯಿಂದ ಸಂಸ್ಥಾನಗಳ ಮೇಲಿದ್ದ ಬ್ರಿಟಿಷರ ಅಧಿಪತ್ಯ ಕೊನೆಗೊಂಡಿತ್ತು. ಹಾಗಾಗಿ ತಾನು ಸ್ವತಂತ್ರ ದೇಶ ಎಂದು ನಿಜಾಮ ಸರ್ಕಾರ ಹೇಳಿಕೊಂಡಿತು. ಭಾರತ ಅದನ್ನು ಒಪ್ಪಲಿಲ್ಲ; 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ ಒಂದು ವರ್ಷದ ತಾತ್ಕಾಲಿಕ ಏರ್ಪಾಡಾಗಿತ್ತು. ಆಗಸ್ಟ್ 1948ರಲ್ಲಿ ಹೈದರಾಬಾದ್ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಇಲ್ಲಿ ಒಂದು ಪದದ ಆಯ್ಕೆಯನ್ನು ಹತ್ತಿರದಿಂದ ನೋಡಬೇಕು. ವಿಶ್ವಸಂಸ್ಥೆಯ ಸನ್ನದಿನ 35ನೇ ವಿಧಿಯ ಪ್ರಕಾರ ಸದಸ್ಯ ದೇಶ ಯಾವುದೇ ‘ಡಿಸ್ಪ್ಯೂಟ್’ ಅನ್ನಾಗಲಿ ‘ಸಿಚುಯೇಶನ್’ ಅನ್ನಾಗಲಿ ಮಂಡಳಿಯ ಮುಂದಿಡಬಹುದು. ಸದಸ್ಯನಲ್ಲದ ದೇಶಕ್ಕೆ ಅಷ್ಟು ಸ್ವಾತಂತ್ರ್ಯವಿಲ್ಲ. ತಾನೇ ಕಕ್ಷಿಯಾಗಿರುವ ‘ಡಿಸ್ಪ್ಯೂಟ್’ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಹೈದರಾಬಾದ್ ತನ್ನ ದೂರಿನಲ್ಲಿ ಆ ಪದವನ್ನೇ ಬಳಸಿತು. ಹೈದರಾಬಾದ್ ದೇಶವೇ ಅಲ್ಲ, ಆದ್ದರಿಂದ ಸನ್ನದಿನ ಅರ್ಥದ ವಿವಾದವೂ ಇಲ್ಲ ಎಂಬುದು ಭಾರತದ ನಿಲುವು. ಸೆಪ್ಟೆಂಬರ್ 16ರಂದು, ಟ್ಯಾಂಕುಗಳು ಇನ್ನೂ ದಾರಿಯಲ್ಲಿದ್ದಾಗಲೇ, ಪ್ಯಾರಿಸ್ಸಿನಲ್ಲಿ ಮಂಡಳಿ ಸೇರಿತು. ಭಾರತದ ಪರ ರಾಮಸ್ವಾಮಿ ಮುದಲಿಯಾರ್, ಹೈದರಾಬಾದಿನ ಪರ ಮೊಯಿನ್ ನವಾಜ್ ಜಂಗ್ ಮಾತಾಡಿದರು. ಕಾರ್ಯಸೂಚಿಯಲ್ಲಿ ವಿಷಯ ‘ಹೈದರಾಬಾದ್ ಪ್ರಶ್ನೆ’ ಎಂದು ನಮೂದಾಯಿತು. ವಿವಾದ ಎಂದರೆ ಒಬ್ಬರನ್ನು ಒಪ್ಪಿದಂತೆ, ಇಲ್ಲ ಎಂದರೆ ಇನ್ನೊಬ್ಬರನ್ನು ಒಪ್ಪಿದಂತೆ; ‘ಪ್ರಶ್ನೆ’ ಇಬ್ಬರಿಂದಲೂ ದೂರ ಉಳಿಯಿತು. 22ರಂದು ನಿಜಾಮ ದೂರು ಹಿಂತೆಗೆದುಕೊಂಡರು. ಭಾರತ ತಾನಾಗಿಯೇ ‘ಯುದ್ಧ’ ಎಂದಿದ್ದರೆ ಎದುರಿಗಿರುವುದು ಇನ್ನೊಂದು ದೇಶವೆಂದು ತಾನೇ ಬರೆದುಕೊಟ್ಟಂತೆ ಆಗುತ್ತಿತ್ತು.

ಹಾಗಾದರೆ ಇದು ಸರ್ಕಾರದ ಕಣ್ಕಟ್ಟು, ನೇರವಾಗಿ ಯುದ್ಧ ಎಂದುಬಿಡೋಣ ಎಂದು ಕೆಲವರು ವಾದಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಂಸ್ಥಾನದ ಒಳಗಿನ ಜನರೇ ವಿಲೀನಕ್ಕಾಗಿ ಹೋರಾಡುತ್ತಿದ್ದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು. ಮುಂಡರಗಿ ಶಿಬಿರದಲ್ಲಿ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಹೋರಾಟಗಾರರನ್ನು ಕಟ್ಟಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಊರನ್ನೇ ರಕ್ತದಲ್ಲಿ ಮುಳುಗಿಸಿದರು. ಅವರ ವಿರುದ್ಧ ಬರೆದ ಉರ್ದು ಪತ್ರಕರ್ತ ಶೋಯಬುಲ್ಲಾ ಖಾನ್ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲೇ ಕೊಲೆಯಾದರು. ಇವರೆಲ್ಲರ ಅನುಭವವನ್ನು ಎರಡು ದೇಶಗಳ ಯುದ್ಧ ಎಂಬ ಚೌಕಟ್ಟಿಗೆ ಹಾಕಿದರೆ ಅದೂ ಸುಳ್ಳೇ. ‘ಸೇನಾ ಕಾರ್ಯಾಚರಣೆ’ ಎಂಬ ಮಾತು ನಡೆದದ್ದನ್ನು ನಡೆದಂತೆ ಹೇಳುತ್ತದೆ. ಹಕ್ಕಿನ ಪ್ರಶ್ನೆಯನ್ನು ಮೊದಲೇ ತೀರ್ಮಾನಿಸುವುದಿಲ್ಲ.

ಎಪ್ಪತ್ತೈದು ವರ್ಷ ಕಳೆದಮೇಲೆ ಹೆಸರನ್ನು ಕೆದಕುವುದೇಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕೆದಕಬೇಕು, ಏಕೆಂದರೆ ಆ ಹೆಸರು ಐದು ದಿನಗಳನ್ನಷ್ಟೇ ತೋರಿಸಿ ಮುಂದಿನ ವಾರಗಳನ್ನು ಮರೆಸುತ್ತದೆ. ಸೇನೆ ಗೆದ್ದಮೇಲೆ ಅನೇಕ ಹಳ್ಳಿಗಳಲ್ಲಿ ಸಾಮಾನ್ಯ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಅದನ್ನು ತಿಳಿಯಲು ಬಂದ ಪಂಡಿತ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ವೇಳೆಯಲ್ಲೂ ಆನಂತರವೂ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದವುಗಳಲ್ಲಿ ಎರಡು ನಮ್ಮವು: ಗುಲ್ಬರ್ಗ ಮತ್ತು ಬೀದರ್. ಇದು ಅಂದಾಜು, ಎಣಿಕೆಯಲ್ಲ. ಸರ್ಕಾರ ಅದನ್ನು ಒಪ್ಪಲೂ ಇಲ್ಲ, ಪ್ರಕಟಿಸಲೂ ಇಲ್ಲ. ಆದರೂ ಪೊಲೀಸರು ಹೋಗಿ ಶಾಂತಿ ನೆಲೆಸಿತು ಎಂಬ ಕಥೆಯಲ್ಲಿ ಈ ಸಾವುಗಳಿಗೆ ಜಾಗವೇ ಇಲ್ಲ. ಗೋರಟಾದ ಸತ್ತವರನ್ನು ನೆನೆಯುವ ನಾವು ಇವರನ್ನೂ ನೆನೆಯದೆ ಇರಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಕಾನೂನಿನ ಲೋಕ ಈ ಪದದ ಆಟವನ್ನು ಬೇಗ ಅರ್ಥಮಾಡಿಕೊಂಡಿತು. 1949ರ ಜಿನೀವಾ ಒಪ್ಪಂದಗಳು ಘೋಷಿತ ಯುದ್ಧಕ್ಕಷ್ಟೇ ಸೀಮಿತವಾಗದೆ ‘ಆರ್ಮ್ಡ್ ಕಾನ್‌ಫ್ಲಿಕ್ಟ್’ ಎಂಬ ಪದವನ್ನು ಹಿಡಿದವು. ಸರ್ಕಾರ ಏನೇ ಹೆಸರಿಡಲಿ, ಗಾಯಾಳುವಿಗೆ, ಸೆರೆಯಾಳಿಗೆ ರಕ್ಷಣೆ ಸಿಗಬೇಕೆಂದು. ಹೈದರಾಬಾದಿನ ಹೆಸರಿನ ಜಗಳವಂತೂ ಮುಗಿದಿಲ್ಲ. ಸೆಪ್ಟೆಂಬರ್ 17 ನಮ್ಮಲ್ಲಿ ವಿಮೋಚನಾ ದಿನವಾಗಿತ್ತು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹೈದರಾಬಾದ್ ನಗರದಲ್ಲಿ ಕೇಂದ್ರ ಸರ್ಕಾರಕ್ಕೆ ಅದು ವಿಮೋಚನಾ ದಿನ. ತೆಲಂಗಾಣ ಸರ್ಕಾರಕ್ಕೆ 2022ರಲ್ಲಿ ರಾಷ್ಟ್ರೀಯ ಸಮೈಕ್ಯತಾ ದಿನ, 2024ರಲ್ಲಿ ಪ್ರಜಾಪಾಲನಾ ದಿನ. ಆ ದಿನದ ಬಗ್ಗೆ ಪಠ್ಯ ಬರೆಯುವವರು, ಭಾಷಣ ಮಾಡುವವರು ‘ಪೊಲೀಸ್ ಆಕ್ಷನ್’ ಎಂಬ ರೂಢಿಯ ಹೆಸರನ್ನು ಬಿಡಬೇಕಾಗಿಲ್ಲ. ಅದರ ಪಕ್ಕದಲ್ಲೇ ಅದು ಸೇನೆಯ ಕಾರ್ಯಾಚರಣೆಯಾಗಿತ್ತು ಎಂಬ ಒಂದು ಸಾಲನ್ನು, ಸುಂದರಲಾಲ್ ವರದಿ ಎಂಬುದೊಂದಿದೆ ಎಂಬ ಇನ್ನೊಂದು ಸಾಲನ್ನು ದಯವಿಟ್ಟು ಸೇರಿಸಲಿ.